ಗಡಿಯಾರದ ಮೋನಪ್ಪ ತಪ್ಪು ಎಣಿಸಿದ ವರ್ಷ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹನುಮಪ್ಪನ ಗುಡಿಯ ಪೂಜಾರಿ ಫಕೀರಪ್ಪಜ್ಜ. ಶನಿವಾರ ಮಂಗಳಾರತಿ ಮುಗಿದ ಮೇಲೆ ಕೈಗೊಂದು ತೆಂಗಿನ ಹೋಳು ಹಾಕಿ, "ಕುಂಡರ್ರಿ, ಹೋಳು ತಿಂದು ಮುಗಿಯೂತನಕ ಒಂದು ಮಾತು" ಎಂದು ಶುರು ಮಾಡುತ್ತಿದ್ದರು. ಹೋಳು ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಅವರಿಗೆ ಅವರ ತಾಯಿಯ ತಂದೆ ಹೇಳಿದ್ದಂತೆ. ಆ ಹಿರಿಯರಿಗೆ ಯಾರು ಹೇಳಿದರೋ ದೇವರೇ ಬಲ್ಲ. ನಾನು ಕೇಳಿದಂತೆ ಬರೆಯುತ್ತೇನೆ. ಹೆಚ್ಚುಕಡಿಮೆಯಾದರೆ ಹನುಮಪ್ಪ ಹೊಟ್ಟೆಗೆ ಹಾಕಿಕೊಳ್ಳಲಿ.

ಬಹಳ ಹಿಂದೆ, ಹೊಳೆಯ ದಂಡೆಯ ಮೇಲೆ ಕಂಚಿನಾಳ ಎಂಬ ಒಂದು ಊರಿತ್ತು. ಕೈಗೆ ಗಡಿಯಾರ ಕಟ್ಟಿದವನು ಸಂತೆಗೆ ಬಂದರೆ ಜನ ಅವನ ಮುಖ ಬಿಟ್ಟು ಮುಂಗೈ ನೋಡುತ್ತಿದ್ದ ಕಾಲ ಅದು. ಆ ಊರಲ್ಲಿ ಮೋನಪ್ಪ ಎಂಬ ಪತ್ತಾರನಿದ್ದ. ಅವನ ಅಪ್ಪ, ಅಜ್ಜ ಎಲ್ಲ ಬೆಳ್ಳಿಬಂಗಾರದ ಕೆಲಸದವರು. ಇವನೊಬ್ಬ ಗಡಿಯಾರದ ಹಿಂದೆ ಬಿದ್ದ. ಯಾರೋ ದೇಶಾಂತರಿಯೊಬ್ಬ ಅವರ ಪಡಸಾಲೆಯಲ್ಲಿ ಒಂದು ಮಳೆಗಾಲ ಕಳೆದು, ಉಂಡ ಅನ್ನದ ಋಣಕ್ಕೆ ಈ ವಿದ್ಯೆ ಕಲಿಸಿಹೋದ ಅಂತಾರೆ.

ಮೋನಪ್ಪನ ಕಿವಿಯ ಬಗ್ಗೆ ಜನ ಏನೇನು ಹೇಳುತ್ತಾರೆ! ಆಚೆ ದಂಡೆಯಲ್ಲಿ ನಿಂತವನ ಕಿಸೆಯ ಗಡಿಯಾರ ಈಚೆ ದಂಡೆಗೆ ಕೇಳುತ್ತಿತ್ತು ಅಂತಾರೆ. ಒಂದು ಗಡಿಯಾರವನ್ನು ಕಿವಿಗೆ ಹಿಡಿದು, ಇದು ಬರುವ ಮಂಗಳವಾರ ಊಟದ ಹೊತ್ತಿಗೆ ನಿಲ್ಲುತ್ತದೆ ಎಂದನಂತೆ, ಹಾಗೇ ನಿಂತಿತಂತೆ. ಅದು ಎಷ್ಟು ಖರೆಯೋ ಎಷ್ಟು ಸುಳ್ಳೋ. ಆದರೆ ಇಷ್ಟು ಖರೆ: ಹಳೇ ಗಡಿಯಾರ ಕೊಂಡವರು ಸುತ್ತಲಿನ ಹತ್ತೂರಿನಿಂದ ಅವನ ಕಟ್ಟೆಗೆ ಬರುತ್ತಿದ್ದರು. ಇದು ಎಲ್ಲಿಯದು, ಎಷ್ಟು ವರ್ಷದ್ದು ಎಂದು ಕೇಳುತ್ತಿದ್ದರು. ಮೋನಪ್ಪ ಹೇಳಿದ ಮೇಲೆ ಆ ಮಾತಿಗೆ ಎರಡನೆಯ ಮಾತಿರಲಿಲ್ಲ.

ಅವನು ಗಡಿಯಾರದ ಮುಖವನ್ನು ಮೊದಲು ನೋಡುತ್ತಿರಲಿಲ್ಲವಂತೆ. ಅಂಗೈಯಲ್ಲಿ ಬೋರಲು ಹಾಕಿ ಬೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಅಂಕಿಯ ಬಿಲ್ಲೆ ಯಾರು ಬೇಕಾದರೂ ಬದಲಿಸುತ್ತಾರೆ, ಮುಳ್ಳು ಬದಲಿಸುತ್ತಾರೆ, ಪಟ್ಟಿ ಬದಲಿಸುತ್ತಾರೆ; ಮುಚ್ಚಳದ ಒಳಮೈ ಯಾರೂ ಬದಲಿಸುವುದಿಲ್ಲ ಎನ್ನುತ್ತಿದ್ದ. ಗಡಿಯಾರ ಬಿಚ್ಚಿದ ಕಸುಬಿನವನು ಅಲ್ಲಿ ಸೂಜಿಯಿಂದ ಒಂದು ಗೆರೆಯಾದರೂ ಎಳೆದು ವರ್ಷ ಗುರುತಿಸುವುದು ವಾಡಿಕೆ. ಮೋನಪ್ಪನೂ ಎಳೆಯುತ್ತಿದ್ದ. ಒಲೆಗುಂಡಿನ ಹಾಗೆ ಮೂರು ಚುಕ್ಕಿ, ಪಕ್ಕದಲ್ಲಿ ಆ ವರ್ಷದ ಸಂವತ್ಸರದ ಹೆಸರು, ಕೆಳಗೆ ಗಡಿಯಾರದವನ ಹೆಂಡತಿಯ ಹೆಸರಿನ ಮೊದಲ ಅಕ್ಷರ. ಗಂಡನ ಹೆಸರು ಯಾಕಲ್ಲ ಎಂದು ಕೇಳಿದರೆ ನಗುತ್ತಿದ್ದ. "ಹೊತ್ತು ನೋಡಾಂವ ಗಂಡ ಇರಬಹುದು. ಹೊತ್ತಾತು, ಇನ್ನೂ ಬರಲಿಲ್ಲ ಅಂತ ಕಾಯಾಕಿ ಅಕಿನ ಅಲ್ಲೇನು? ಗಡಿಯಾರ ಅಕೀದು."

ಇನ್ನೊಂದು ನೇಮ ಅವನದು. ಗಡಿಯಾರ ಬಂದ ದಿನವೇ ಅದರ ವಯಸ್ಸು ಹೇಳುತ್ತಿರಲಿಲ್ಲ. ದೇವರ ಜಗುಲಿಯ ಮೇಲೆ ಒಂದು ಇಡೀ ದಿನ ಇಡುತ್ತಿದ್ದ. ಮರುದಿನ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬೆಳಗಿನ ಓರೆ ಬಿಸಿಲಲ್ಲಿ ನೋಡಿ ಹೇಳುತ್ತಿದ್ದ. ಈ ನೇಮ ಅವನು ಒಮ್ಮೆ ಮುರಿದ. ಈ ಕತೆ ಆ ಒಮ್ಮೆಯದು.

ಅದೇ ಊರಲ್ಲಿ ವಿರೂಪಣ್ಣ ಎಂಬ ಬಡಿಗ ಹಿರಿಯನಿದ್ದ. ಅವನಿಗೆ ಇಬ್ಬರು ಮಕ್ಕಳು, ಕಾಳಪ್ಪ ಮತ್ತು ಗುರುಪಾದ. ಹಿರಿಯವನಾದ ಕಾಳಪ್ಪನ ಹೆಂಡತಿ ನೀಲವ್ವ. ಕಾಳಪ್ಪನ ಹತ್ತಿರ ಒಂದು ಬೆಳ್ಳಿಯ ಗಡಿಯಾರವಿತ್ತು. ಕಿಸೆಯಲ್ಲಿಡುವ ಹಳೆಯ ಸಣ್ಣ ಗಡಿಯಾರ ಅದು. ಕೈಗೆ ಕಟ್ಟುವ ಹಾಗೆ ಮಾಡಿಕೊಡು ಎಂದು ಅವನು ಕೇಳಿದ್ದಕ್ಕೆ ಮೋನಪ್ಪನೇ ಎರಡು ಬದಿಗೆ ಪಟ್ಟಿ ಸಿಕ್ಕಿಸುವ ಬೆಳ್ಳಿ ತಂತಿಯ ಕಿವಿ ಬೆಸೆದುಕೊಟ್ಟಿದ್ದ. ಆವಾಗ ಪ್ರಭವ ಸಂವತ್ಸರ. ಮರುವರ್ಷ ವಿಭವದಲ್ಲಿ ಕಾಳಪ್ಪ ತಾಯಿಯನ್ನು ಕರೆದುಕೊಂಡು ಕಾಶಿಗೆ ಹೋದ. ತಾಯಿಗೆ ಮೈ ಹುಷಾರಿರಲಿಲ್ಲ, ಬೇಡ ಎಂದು ವಿರೂಪಣ್ಣ ಹೇಳಿದ್ದ. ಆದರೂ ಕರೆದುಕೊಂಡು ಹೋದ. ಜೊತೆಗೆ ಹೋದವರು ತಿರುಗಿ ಬಂದು, ಛತ್ರದಲ್ಲಿ ವಾಂತಿಭೇದಿ ಬಿತ್ತು, ತಾಯಿ ತೀರಿಕೊಂಡಳು, ಕಾಳಪ್ಪ ಏನಾದನೋ ಆ ಗದ್ದಲದಲ್ಲಿ ತಿಳಿಯಲಿಲ್ಲ ಎಂದರು.

ಒಂದು ವರ್ಷ ಹೋಯಿತು, ಎರಡು ಹೋದವು, ಹನ್ನೆರಡು ಹೋದವು. ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆಯ ಬೊಂಬೆ ಮಾಡಿ, ಮುತ್ತಲ ಎಲೆ ಹೊದಿಸಿ, ಹೊಳೆಯ ದಂಡೆಯಲ್ಲಿ ಸುಟ್ಟು ಕರ್ಮ ಮಾಡಬೇಕು. ಅದು ಶಾಸ್ತ್ರ. ವಿರೂಪಣ್ಣ ಕೆಟ್ಟವನಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಮಗನ ಜೀವಕ್ಕೊಂದು ದಾರಿ ಮಾಡಬೇಕೆಂದು ಅವನ ಹಂಬಲ. ಆದರೆ ಬೊಂಬೆ ಸುಟ್ಟ ದಿನವೇ ನೀಲವ್ವನ ಕುಂಕುಮ ಅಳಿಯಬೇಕು, ಹಸಿರು ಬಳೆ ಒಡೆಯಬೇಕು. ಹನ್ನೆರಡು ವರ್ಷ ಅವಳು ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಂಡು ಅಂಗಳ ಸಾರಿಸಿದವಳು. ವಿಕ್ರಮ ಸಂವತ್ಸರದಲ್ಲಿ ದಿನ ಗೊತ್ತಾಯಿತು.

ಆ ದಿನಕ್ಕೆ ಇನ್ನು ಎರಡೇ ದಿನ ಇರುವಾಗ, ಕಿರಿಯ ಮಗ ಗುರುಪಾದ ಸಂತೆಯಲ್ಲಿ ಗೋಣಿತಾಟಿನ ಮೇಲೆ ಹಳೇ ಸಾಮಾನು ಹರವಿಕೊಂಡು ಕೂತವನ ಹತ್ತಿರ ಒಂದು ಗಡಿಯಾರ ಕೊಂಡ. ನಿಂತುಹೋದ ಗಡಿಯಾರ, ಕರಿಯ ಬಿಲ್ಲೆ. ಎಷ್ಟು ಹಳೇದು ಕೇಳೋಣ ಎಂದು ಸೀದಾ ಮೋನಪ್ಪನ ಕಟ್ಟೆಗೆ ಬಂದ.

ಮೋನಪ್ಪ ಅದನ್ನು ಅಂಗೈಯಲ್ಲಿ ಬೋರಲು ಹಾಕಿದ. ತಂತಿಯ ಕಿವಿಗಳಲ್ಲಿ ಒಂದು ಕೂದಲೆಳೆಯಷ್ಟು ಸೊಟ್ಟಗಿತ್ತು. ತನ್ನ ಕೈಯ ಸೊಟ್ಟು ತನಗೆ ಗೊತ್ತಾಗದೇ? ಮುಚ್ಚಳ ತೆಗೆದ. ಒಳಗೆ ಬೆವರು, ಜಿಡ್ಡು, ಕರಿ. ಹೆಬ್ಬೆರಳಿಂದ ಒರೆಸಿದ. ಮೂರು ಚುಕ್ಕಿ. ಪ್ರಭವ. ಕೆಳಗೆ, ನೀ.

"ಗುರುಪಾದ, ನಿಮ್ಮಪ್ಪನ್ನ ಕರಕೊಂಡು ಬಾ. ಇದು ನಿಮ್ಮಣ್ಣಂದು."

ಊರಿಗೆ ಊರೇ ಕಟ್ಟೆಗೆ ಬಂತು. ವಿರೂಪಣ್ಣ ಬಂದು ಗಡಿಯಾರವನ್ನು ಕಣ್ಣಿಗೊತ್ತಿಕೊಂಡ. ನೀಲವ್ವ ಕಂಬದ ಮರೆಗೆ ನಿಂತಳು. ಆಗ ಯಾರೋ ಮುಚ್ಚಳ ಇಣುಕಿ ನೋಡಿ, ಚುಕ್ಕಿಯ ಪಕ್ಕದಲ್ಲಿ ಇನ್ನೊಂದು ಗುರುತಿದೆ ಎಂದರು. ಇತ್ತು. ಬಾಳಬೋಧ, ಅಂದರೆ ನಾಗರಿ ಲಿಪಿಯ ಎರಡಕ್ಷರ: ಖರ. ಇದು ಯಾವಾಗಿನದು, ಕಾಳಪ್ಪ ಹೋದ ಮೇಲಿನದೋ ಮೊದಲಿನದೋ ಎಂದು ಹತ್ತು ಬಾಯಿ ಕೇಳಿದವು.

ನಾಡಿದ್ದು ಬೆಳಿಗ್ಗೆ ನೋಡಿ ಹೇಳುತ್ತೇನೆ ಎಂದ ಮೋನಪ್ಪ. ಜನ ಬಿಡಲಿಲ್ಲ. "ಹತ್ತೂರ ಗಡಿಯಾರದ ಜಾತಕ ಹೇಳಾಂವ, ನಮ್ಮೂರಿಂದು ಬಂದಾಗ ಮುಹೂರ್ತ ನೋಡ್ತಾನ!" ಎಂದು ಒಬ್ಬ ಕೆಣಕಿದ. ವಿರೂಪಣ್ಣ ಮೆಲ್ಲಗೆ, "ಹೇಳಿಬಿಡಪಾ, ನಾಡಿದ್ದು ಹೊಳಿಗೆ ಹೋಗೂದೈತಿ" ಎಂದ.

ಹದಿಮೂರು ವರ್ಷದ ಹಿಂದೆ ತಾನು ಮುಚ್ಚಳ ತೆಗೆದಾಗ ಈ ಗುರುತು ಇತ್ತೋ ಇಲ್ಲವೋ ಮೋನಪ್ಪನಿಗೆ ನೆನಪಿರಲಿಲ್ಲ. ಬೆರಳ ಗೆಣ್ಣಿನ ಮೇಲೆ ಎಣಿಸಿದ. ಸಂವತ್ಸರ ಅರವತ್ತು, ತಿರುತಿರುಗಿ ಬರುತ್ತವೆ. ಈಗ ವಿಕ್ರಮ. ಮುಂದಿನ ಖರ ಬರಲು ಇನ್ನೂ ಹನ್ನೊಂದು ವರ್ಷ ಬೇಕು. ಹಿಂದಿನ ಖರ ಹೋಗಿ ನಲವತ್ತೊಂಬತ್ತು ವರ್ಷ. ಅಂದಮೇಲೆ ಇದು ಹಳೆಯ ಗುರುತು, ಇದು ಇನ್ನೂ ಕಿಸೆಯ ಗಡಿಯಾರವಾಗಿದ್ದಾಗ ಯಾರೋ ಎಳೆದದ್ದು ಎಂದ. ತಾನು ಗುರುತು ಎಳೆದ ಮೇಲೆ ಬೇರೆ ಯಾರೂ ಎಳೆದಿಲ್ಲ ಎಂದ. ಕಾಳಪ್ಪ ಎರಡು ವರ್ಷಕ್ಕೊಮ್ಮೆ ಗಡಿಯಾರ ಬಿಚ್ಚಿಸಿ ಎಣ್ಣೆ ಬಿಡಿಸುವವನು. ಬದುಕಿದ್ದರೆ ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ ಬಿಚ್ಚಿಸುತ್ತಿದ್ದ ಎಂದ.

ಅಷ್ಟು ಸಾಕಾಯಿತು. ವಿರೂಪಣ್ಣ ಕೈಮುಗಿದು ಎದ್ದ. ಜನ ಚದುರಿದರು. ನೀಲವ್ವ ಒಬ್ಬಳು ನಿಂತಳು. ಅಳಲಿಲ್ಲ ಅಂತಾರೆ. ಒಂದೇ ಮಾತು ಕೇಳಿದಳು.

"ಅಣ್ಣಾ, ಅದನ್ನ ನಡಿಸಿಕೊಡ್ತೀಯೇನು? ನಾಡಿದ್ದು ಹೊಳಿಗೆ ಹೋಗೂದ್ರೊಳಗ. ಅವರ ಕೈಯಾಗ ಹೆಂಗ ಟಿಕಿಟಿಕಿ ಅಂತಿತ್ತೋ ಒಮ್ಮೆ ಕೇಳಿ ಬಳಿ ತಗೀತೀನಿ."

ಮೋನಪ್ಪ ಹೂಂ ಎಂದ. ಮರುದಿನವೆಲ್ಲ ಗಡಿಯಾರ ಜಗುಲಿಯ ಮೇಲಿತ್ತು. ಅದರ ಮರುದಿನ, ಕರ್ಮದ ದಿನ, ಮೋನಪ್ಪ ಸ್ನಾನ ಮಾಡಿ ಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಹತ್ತಿರ ಕೂತು ಯಂತ್ರ ಬಿಚ್ಚಿದ.

ಎಣ್ಣೆ ಹಸಿಯಾಗಿತ್ತು.

ಹನ್ನೆರಡು ವರ್ಷದ ಎಣ್ಣೆ ಅಂಟಾಗಿ, ಒಣಗಿ, ಹಲ್ಲಿಗೆ ಹತ್ತಿದ ಬೆಲ್ಲದ ಪಾಕದ ಹಾಗಿರಬೇಕು. ಇದು ಸೂಜಿಯ ತುದಿಗೆ ನೀರಿನ ಹಾಗೆ ಬಂತು. ಯಂತ್ರಕ್ಕೂ ಏನೂ ಆಗಿರಲಿಲ್ಲ. ಹಳೇ ಬಿಲ್ಲೆ ತೆಗೆದು ಈ ಕರಿಯದನ್ನು ಹಾಕಿದವನು ಮುಳ್ಳು ಸಿಕ್ಕಿಹಾಕಿಸಿಟ್ಟಿದ್ದ, ಅಷ್ಟೇ. ಮೋನಪ್ಪ ಮುಚ್ಚಳ ತೆಗೆದುಕೊಂಡು ಅಂಟವಾಳಕಾಯಿಯ ನೊರೆಯಲ್ಲಿ ತೊಳೆದ, ಬೆಳ್ಳಿ ತೊಳೆಯುವ ಹಾಗೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಿಸಿಲಿಗೆ ಹಿಡಿದ.

ಖ ಅಕ್ಷರದ ಬಾಲ ಅವನ ಮೂರನೆಯ ಚುಕ್ಕಿಯನ್ನು ಕೊಯ್ದುಕೊಂಡು ಹೋಗಿತ್ತು. ಪತ್ತಾರನ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಎರಡು ಗೆರೆ ಕೂಡಿದಲ್ಲಿ, ಆಮೇಲಿನ ಗೆರೆ ಮೊದಲಿನದರ ಮೇಲೆ ಬೆಳ್ಳಿಯ ಸಿಪ್ಪೆ ಎಬ್ಬಿಸುತ್ತದೆ. ಸಿಪ್ಪೆ ಚುಕ್ಕಿಯ ಮೇಲೆ ಬಿದ್ದಿತ್ತು. ಅಂದರೆ ಖರ ಪ್ರಭವದ ಆಮೇಲಿನದು. ಇನ್ನೂ ಒಂದಿತ್ತು. ಜಿಡ್ಡು ಹೋದ ಜಾಗದಲ್ಲಿ, ಖರದ ಕೆಳಗೆ, ಅದೇ ಬಾಳಬೋಧದಲ್ಲಿ ಅದೇ ಕೈಯ ಮೂರನೆಯ ಅಕ್ಷರ. ನೀ.

ಮೋನಪ್ಪ ಮತ್ತೆ ಬೆರಳ ಗೆಣ್ಣು ಎಣಿಸಿದ. ಪ್ರಭವ ಆದಮೇಲೆ ಖರ ಇನ್ನೂ ಬಂದೇ ಇಲ್ಲ. ಬಾರದ ವರ್ಷದಲ್ಲಿ ಎಳೆದ ಗೆರೆ ಬಂದು ತನ್ನ ಅಂಗೈಯಲ್ಲಿ ಕೂತಿದೆ. ಶಿವನೇ, ಇದೇನು ಮಾಯೆ ಎಂದು ಜಗುಲಿಯ ಕಡೆ ನೋಡಿದ.

ಜಗುಲಿಯ ಮೇಲೆ ಗೌಡರ ಮನೆಯ ತಿಮ್ಮಕ್ಕನ ಗಂಗಾಜಲದ ತಂಬಿಗೆ ಇತ್ತು.

ಆ ತಂಬಿಗೆಯ ಮಾತು ಹೇಳಬೇಕು. ಎರಡು ವರ್ಷದ ಹಿಂದೆ, ಬಹುಧಾನ್ಯ ಸಂವತ್ಸರದಲ್ಲಿ, ತಿಮ್ಮಕ್ಕ ಕಾಶಿಗೆ ಹೋಗಿ ಬಂದಿದ್ದಳು. ಕಾಳಪ್ಪನ ಸುಳಿವು ಸಿಕ್ಕಿತೇ ಎಂದು ಕೇಳಿದವರಿಗೆ, "ಕಾಶಿ ಅಂದ್ರ ಕಂಚಿನಾಳದ ಓಣಿ ಅಂತ ತಿಳದೀರೇನು?" ಎಂದು ಗದರಿದ್ದಳು. ಅವಳು ತಂದ ತಾಮ್ರದ ತಂಬಿಗೆಯ ಬಾಯಿಯ ಬೆಸುಗೆ ಬಿಚ್ಚಿಕೊಟ್ಟವನು ಮೋನಪ್ಪನೇ. ಬೆಸುಗೆಯ ಬಿಲ್ಲೆಯ ಮೇಲೆ ಕಾಶಿಯ ತಾಮ್ರಗಾರ ವರ್ಷ ಕೆತ್ತಿದ್ದ: ವಿಕೃತಿ. ಮೋನಪ್ಪ ಅದನ್ನು ಓದಿ ನಕ್ಕು ನಕ್ಕು ಸಾಕಾಗಿದ್ದ. "ತಿಮ್ಮಕ್ಕಾ, ವಿಕೃತಿ ಬರಾಕ ಇನ್ನೂ ಹನ್ನೆರಡು ವರ್ಷ ಐತಿ. ನೀ ತಂದದ್ದು ಮುಂದ ಹರಿಯೂ ಗಂಗಿ!" ಕಾಶಿಯವರಿಗೆ ವರ್ಷ ಎಣಿಸಲು ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಹಾಗೆ ನಕ್ಕದ್ದಕ್ಕೆ ಸಿಟ್ಟಾಗಿ ತಿಮ್ಮಕ್ಕ, ನೀರನ್ನು ಬೇರೆ ಪಾತ್ರೆಗೆ ಸುರಿದುಕೊಂಡು, ತಂಬಿಗೆ ನೀನೇ ಇಟ್ಟುಕೋ ಎಂದು ಹೋಗಿದ್ದಳು.

ಈಗ ಮೋನಪ್ಪನಿಗೆ ನಗು ಬರಲಿಲ್ಲ. ಕಾಶಿಯವರು ತಪ್ಪು ಎಣಿಸಿಲ್ಲ. ಅವರ ಎಣಿಕೆಯೇ ಬೇರೆ. ನಮ್ಮ ಬಹುಧಾನ್ಯ ಅವರಿಗೆ ವಿಕೃತಿ. ಅವರ ಹೆಸರು ನಮ್ಮದಕ್ಕಿಂತ ಹನ್ನೆರಡು ಹೆಜ್ಜೆ ಮುಂದೆ ನಡೆಯುತ್ತದೆ. ವಿಕೃತಿಯ ಮುಂದಿನದು ಖರ. ಬಹುಧಾನ್ಯದ ಮುಂದಿನದು ಪ್ರಮಾಥಿ. ಅಂದರೆ ಕಾಶಿಯ ಖರ ಎಂದರೆ ನಮ್ಮ ಪ್ರಮಾಥಿ. ಪ್ರಮಾಥಿ ಎಂದರೆ ಹೋದ ವರ್ಷ.

ಹೋದ ವರ್ಷ ಕಾಶಿಯಲ್ಲಿ ಯಾರೋ ಈ ಗಡಿಯಾರ ಬಿಚ್ಚಿದ್ದಾರೆ. ಬಿಚ್ಚಿಸಿದವನು ನೀ ಎಂಬ ಅಕ್ಷರ ಬರೆಸಿದ್ದಾನೆ.

ಹೊರಗೆ ಬಿಸಿಲು ಏರಿತ್ತು. ಊರು ಹೊಳೆಗೆ ಹೋಗಿಯಾಗಿತ್ತು.

ಮೋನಪ್ಪ ಜೀವಮಾನದಲ್ಲಿ ಓಡಿದವನಲ್ಲ ಅಂತಾರೆ. ಅಂದು ಓಡಿದ. ಒಂದು ಕೈಯಲ್ಲಿ ತಂಬಿಗೆಯ ಬಿಲ್ಲೆ, ಒಂದು ಕೈಯಲ್ಲಿ ಗಡಿಯಾರದ ಮುಚ್ಚಳ. ರುಮಾಲು ದಾರಿಯಲ್ಲಿ ಬಿತ್ತು. ಮೂರು ಹೆಜ್ಜೆಗೆ ಹೊಳೆ ಮುಟ್ಟಿದ ಎಂದು ಕೆಲವರು ಹೇಳುತ್ತಾರೆ. ಫಕೀರಪ್ಪಜ್ಜ ಮಾತ್ರ, ಎರಡು ಸಲ ಎಡವಿ ಬಿದ್ದ, ಮೊಣಕಾಲು ಕೆತ್ತಿಹೋಗಿತ್ತು ಎನ್ನುತ್ತಿದ್ದರು. ನನಗೆ ಅಜ್ಜನ ಮಾತೇ ಸರಿ ಕಾಣುತ್ತದೆ.

ದಂಡೆಯ ಮೇಲೆ ದರ್ಭೆಯ ಬೊಂಬೆ ಮಲಗಿತ್ತು. ಮುತ್ತಲ ಎಲೆ ಹೊದಿಸಿ ಆಗಿತ್ತು. ಗುರುಪಾದನ ಕೈಯಲ್ಲಿ ಕೊಳ್ಳಿ. ನೀಲವ್ವ ಹೆಂಗಸರ ನಡುವೆ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ.

"ನಿಲ್ಲಸ್ರಿ! ತಪ್ಪು ನಂದು. ನಾ ಎಣಿಸಿದ್ದು ತಪ್ಪು."

ಪುರೋಹಿತ ಶೇಷಾಚಾರ್ಯರು ಮಂತ್ರ ನಿಲ್ಲಿಸಿದರು. ಮೋನಪ್ಪ ಏದುಸಿರು ಬಿಡುತ್ತ ಎಲ್ಲ ಹೇಳಿದ. ಹಸಿ ಎಣ್ಣೆ ಹೇಳಿದ, ಚುಕ್ಕಿಯ ಮೇಲಿನ ಸಿಪ್ಪೆ ಹೇಳಿದ, ತಂಬಿಗೆಯ ಬಿಲ್ಲೆ ತೋರಿಸಿದ. ಮೊನ್ನೆ ಕೆಣಕಿದವನೇ ಮತ್ತೆ ಬಾಯಿ ಹಾಕಿದ. "ಮೊನ್ನೆ ನಲವತ್ತೊಂಬತ್ತು ಅಂದಿ, ಇವತ್ತು ಒಂದು ಅಂತಿ. ನಾಳೆ ಎಷ್ಟು ಅನ್ನಾಂವ?"

ಮೋನಪ್ಪ ತಲೆ ತಗ್ಗಿಸಿದ. ಮೊನ್ನೆ ನೋಡದೆ ಹೇಳಿದೆ, ಇಂದು ನೋಡಿ ಹೇಳುತ್ತಿದ್ದೇನೆ, ಇನ್ನು ಮೇಲೆ ನನ್ನ ಮಾತನ್ನು ಯಾರೂ ನಂಬದಿದ್ದರೂ ಸರಿ, ಇವತ್ತು ಬೆಂಕಿ ಇಡಬೇಡಿ ಎಂದ. ಶೇಷಾಚಾರ್ಯರು ಬಿಲ್ಲೆಯನ್ನು ತಿರುಗಿಸಿ ನೋಡಿ, ಉತ್ತರದ ಪಂಚಾಂಗದಲ್ಲಿ ಸಂವತ್ಸರ ಮುಂದಿರುತ್ತದೆಂದು ತಮ್ಮ ಗುರುಗಳು ಹೇಳುತ್ತಿದ್ದರು, ತಾವು ಅದನ್ನು ಮರೆತೇಬಿಟ್ಟಿದ್ದೆವು ಎಂದು ಒಪ್ಪಿಕೊಂಡರು. ಆದರೂ ವಿರೂಪಣ್ಣನಿಗೆ ಧೈರ್ಯ ಬರಲಿಲ್ಲ. ಗಡಿಯಾರ ಕಾಶಿಯಲ್ಲಿತ್ತು ಸರಿ, ಅದು ಮಗನ ಕೈಯಲ್ಲೇ ಇತ್ತೆಂದು ಹೇಗೆ ನಂಬಲಿ, ಕಳ್ಳನ ಕೈಯಲ್ಲಿರಬಾರದೇಕೆ ಎಂದು ಕೇಳಿದ. ಆಗ ಮೋನಪ್ಪ ಮುಚ್ಚಳವನ್ನು ನೀಲವ್ವನ ಅಂಗೈ ಮೇಲಿಟ್ಟು, ಖರದ ಕೆಳಗಿನ ಅಕ್ಷರ ತೋರಿಸಿದ. ಅವಳಿಗೆ ಓದು ಬರುತ್ತಿರಲಿಲ್ಲ. ಏನದು ಎಂದು ಕೇಳಿದಳು. ನಿನ್ನ ಹೆಸರಿನ ಅಕ್ಷರ, ತಂಗಿ, ಕಾಶಿಯ ಕೈ ಬರೆದದ್ದು ಎಂದ.

ಗಂಡ ಹೆಂಡತಿಯ ಹೆಸರು ಹಿಡಿದು ಕರೆಯದ ಕಾಲ ಅದು. ನೀಲವ್ವ ಬಹಳ ಹೊತ್ತು ಆ ಅಕ್ಷರದ ಮೇಲೆ ಬೆರಳಾಡಿಸಿದಳು. ಆಮೇಲೆ ಮಾವನ ಮುಂದೆ ಎಂದೂ ಬಾಯಿ ತೆರೆಯದವಳು ಬಾಯಿ ತೆರೆದಳು.

"ಮದುವ್ಯಾಗ ಒಡಪು ಹಾಕಿ ಒಮ್ಮೆ ನನ್ನ ಹೆಸರು ಹೇಳಿದ್ದರು. ಮುಂದ ಮನಿಯಾಗ ಇರೂತನಕ ಒಂದಿನಾನೂ ಹೇಳಲಿಲ್ಲ. ಏ, ಇಕಿನ, ಅಷ್ಟ. ಕಾಶಿಯಾಗ ಹೇಳ್ಯಾರ ನೋಡ್ರಿ."

ಕಣ್ಣಲ್ಲಿ ನೀರಿಟ್ಟುಕೊಂಡೇ ಹೆಂಗಸರು ನಕ್ಕರಂತೆ. ಮೋನಪ್ಪನ ಕನ್ನಡದ ನೀ ಕಾಶಿಯವರಿಗೆ ಓದಲು ಬಾರದು; ಬೇರೆಯವನು ಆ ಹೆಸರು ಎಲ್ಲಿಂದ ತಂದಾನು? ವಿರೂಪಣ್ಣ ತಾನೇ ಬಾಗಿ ಮುತ್ತಲ ಎಲೆಗಳನ್ನು ಒಂದೊಂದಾಗಿ ತೆಗೆದು ಹೊಳೆಗೆ ಬಿಟ್ಟ. ದರ್ಭೆಯನ್ನು ಬಿಚ್ಚಿ ಬಿಟ್ಟ. ಕೊಳ್ಳಿ ನೀರಿನಲ್ಲಿ ಚುಸ್ಸೆಂದಿತು.

ಗುರುಪಾದ ಮುಚ್ಚಳವನ್ನು ಎದೆಗೆ ಕಟ್ಟಿಕೊಂಡು ಕಾಶಿಗೆ ಹೋದ. ಖರ ಎಂದು ಗೆರೆ ಎಳೆದ ಗಡಿಯಾರದ ಕೆಲಸದ ಮುದುಕನನ್ನು ಹುಡುಕಿದ. ಮುದುಕ ಕಾಳಪ್ಪನನ್ನು ತೋರಿಸಿದ. ಅವನು ಒಂದು ಛತ್ರದಲ್ಲಿ ಬಾಗಿಲು, ತೊಲೆ ಕೆತ್ತಿಕೊಂಡಿದ್ದ. ಬೇಡವೆಂದರೂ ತಾಯಿಯನ್ನು ಕರೆದುಕೊಂಡು ಹೋಗಿ ಕಳೆದುಕೊಂಡೆ, ಅಪ್ಪನಿಗೆ ಯಾವ ಮುಖ ತೋರಿಸಲಿ ಎಂದು ವರ್ಷ ದೂಡಿದ್ದ. ಕಡೆಗೆ ಮನಸ್ಸು ತಡೆಯದೆ, ಅಷ್ಟು ವರ್ಷ ಬಿಚ್ಚಿಸದೆ ಇಟ್ಟಿದ್ದ ಗಡಿಯಾರಕ್ಕೆ ಎಣ್ಣೆ ಬಿಡಿಸಿ, ಹೆಂಡತಿಗೆ ತಲುಪಿಸೆಂದು ದಕ್ಷಿಣಕ್ಕೆ ಹೊರಟ ಯಾತ್ರಿಕನ ಕೈಯಲ್ಲಿ ಕಳಿಸಿದ್ದ. ಯಾರಿಗೆ ಎಂದು ಆ ಮುದುಕ ಕೇಳಿದಾಗ, ಮೋನಪ್ಪನ ವಾಡಿಕೆ ನೆನಪಾಗಿ ಅವಳ ಹೆಸರು ಹೇಳಿದ್ದ. ಗಡಿಯಾರ ತಲುಪಲಿಲ್ಲ, ಯಾವ ಕೈಯಿಂದ ಯಾವ ಕೈಗೆ ಹೋಗಿ ಸಂತೆಯ ಗೋಣಿತಾಟು ಸೇರಿತೋ. ಮರುಮಾತು ಬಾರದ್ದು ನೋಡಿ, ಮನೆಯವರು ತನ್ನನ್ನು ಮರೆತರು ಎಂದುಕೊಂಡಿದ್ದ.

ಅವನು ಬಂದ ಬೆಳಿಗ್ಗೆ ನೀಲವ್ವ ಅಂಗಳ ಸಾರಿಸುತ್ತಿದ್ದಳಂತೆ. ತಲೆ ಎತ್ತಿ ನೋಡಿ, "ಹಸಿ ಐತಿ, ತುಳಿಬ್ಯಾಡ್ರಿ, ಈ ಕಡಿಂದ ಬರ್ರಿ" ಎಂದಳಂತೆ. ಅಷ್ಟೇ ಅಂದದ್ದು.

ಊರು ಮೋನಪ್ಪನನ್ನು ಹೊತ್ತು ಮೆರೆಸಲು ಬಂತು. ಅವನು ಒಪ್ಪಲಿಲ್ಲ. ಎರಡು ದಿನ ಆ ಹೆಣ್ಣುಮಗಳನ್ನು ಬೆಂಕಿಯ ಹತ್ತಿರ ಕೂರಿಸಿದವನು ನಾನು ಎಂದ. ತಿಮ್ಮಕ್ಕನ ಮನೆಗೆ ಹೋಗಿ, ನಕ್ಕದ್ದು ತಪ್ಪಾಯಿತೆಂದು ಅವಳ ಕಾಲಿಗೆ ಬಿದ್ದ. ಅವಳು ತಂಬಿಗೆ ತಿರುಗಿ ತೆಗೆದುಕೊಂಡಳು. ಅಂದಿನಿಂದ ಮೋನಪ್ಪ ಎಳೆದ ಎಲ್ಲ ಗುರುತಿನಲ್ಲೂ ಸಂವತ್ಸರದ ಪಕ್ಕದಲ್ಲಿ ಇನ್ನೊಂದು ಮಾತು ಸೇರಿತು: ತಿಳಿದಷ್ಟು.

ಈಗ ಮೋನಪ್ಪನೂ ಇಲ್ಲ, ಅವನ ಕಟ್ಟೆಯೂ ಇಲ್ಲ. ಆದರೂ ಕಂಚಿನಾಳದ ಸೀಮೆಯಲ್ಲಿ ಯಾರೇ ಹಳೇ ಗಡಿಯಾರ ಕೊಂಡರೂ ಬೆನ್ನಿನ ಮುಚ್ಚಳ ತೆಗೆಸಿ, ಅಂಟವಾಳಕಾಯಿಯಲ್ಲಿ ತೊಳೆಸಿ, ಒಳಗಿನ ಗುರುತನ್ನು ಓದಿಸಿ ಕೇಳದೆ ಕೈಗೆ ಕಟ್ಟುವುದಿಲ್ಲ. ಮನೆಯಾಕೆಯ ಹೆಸರಿನ ಒಂದಕ್ಷರ ಎಳೆಸುವುದನ್ನೂ ಬಿಟ್ಟಿಲ್ಲ. ಹನ್ನೆರಡು ವರ್ಷದ ಕರ್ಮಕ್ಕೆ ಹೊಳೆಗೆ ಹೋದವರು ಬೊಂಬೆ ಮಲಗಿಸಿದ ಮೇಲೆ ನೆತ್ತಿಯ ಮೇಲೆ ಬಿಸಿಲು ಬರುವ ತನಕ ಸುಮ್ಮನೆ ಕೂರುತ್ತಾರೆ. ಕೊಳ್ಳಿ ಇಡುವ ಮುಂಚೆ ಪುರೋಹಿತರು ಊರ ಕಡೆ ಮುಖ ಮಾಡಿ ಮೂರು ಸಲ ಕೂಗಿ ಕೇಳುತ್ತಾರೆ, ಎಣಿಕೆಯಲ್ಲಿ ತಪ್ಪಿದವರು ಯಾರಾದರೂ ಇದ್ದೀರಾ ಎಂದು. ಯಾರಾದರೂ ಓಡಿ ಬರುತ್ತಿದ್ದಾರೇನೋ ಎಂದು ಎಲ್ಲರೂ ದಾರಿ ನೋಡುತ್ತಾರೆ.

ಕೇಳಿದವರು ಇದನ್ನು ನಿಮ್ಮ ಮನೆಯವರಿಗೆ ಹೇಳಿರಿ. ಆಚೆ ದಂಡೆಯ ಗಡಿಯಾರ ಈಚೆ ದಂಡೆಗೆ ಕೇಳಿದ್ದನ್ನು ಬೇಕಾದರೆ ಬಿಡಿ, ಮೂರು ಹೆಜ್ಜೆಗೆ ಹೊಳೆ ಮುಟ್ಟಿದ್ದನ್ನೂ ಬಿಡಿ. ಅವನು ತಪ್ಪಿದ್ದನ್ನು ಮಾತ್ರ ಬಿಡದೆ ಹೇಳಿರಿ.